ಮನಸ್ಸು ಸರಿ ಇಲ್ದಾಗ ಚಾಟ್‌ಬಾಟಾ, ಥೆರಪಿಸ್ಟಾ? ಯಾವಾಗ ಯಾರ ಹತ್ರ ಹೋಗ್ಬೇಕು ಅಂತ ತೀರ್ಮಾನ ಮಾಡೋದು ಹೇಗೆ

ಮೊದ್ಲು ಒಂದು ಮಾತು ಹೇಳ್ಬಿಡ್ತೀನಿ, ಉಳಿದಿದ್ದೆಲ್ಲಾ ಆಮೇಲೆ. ಸಾಯ್ಬೇಕು ಅನ್ನೋ ಯೋಚನೆ ಬರ್ತಿದೆ, ಅದು ಹೇಗೆ ಯಾವಾಗ ಅನ್ನೋವರೆಗೂ ಹೋಗಿದೆ ಅಂದ್ರೆ ಇದನ್ನ ಓದ್ತಾ ಕೂರ್ಬೇಡಿ, ಚಾಟ್‌ಬಾಟ್ ಹತ್ರ ಟೈಪ್ ಮಾಡ್ತಾನೂ ಕೂರ್ಬೇಡಿ. ಪಕ್ಕದ ರೂಮಲ್ಲಿ ಯಾರಿದಾರೋ ಅವ್ರನ್ನ ಎಬ್ಬಿಸಿ, ಯಾರೂ ಇಲ್ಲಾಂದ್ರೆ ನಿಮ್ಮಲ್ಲಿರೋ ಆತ್ಮಹತ್ಯೆ ತಡೆ ಸಹಾಯವಾಣಿಗೋ ತುರ್ತು ನಂಬರ್‌ಗೋ ಈಗ್ಲೇ ಫೋನ್ ಮಾಡಿ. ಚಾಟ್‌ಬಾಟ್ ನಿಮಗೆ ಒಂದು ನಂಬರ್ ಹೇಳಬಹುದು, ಎದ್ದು ಬಂದು ಪಕ್ಕದಲ್ಲಿ ಕೂರೋಕೆ ಅದಕ್ಕಾಗಲ್ಲ, ಕೈಗೆ ಸಿಗೋ ಜಾಗದಲ್ಲಿರೋ ಮಾತ್ರೆ ಡಬ್ಬಿನ ಎತ್ತಿ ಬೇರೆ ಕಡೆ ಇಡೋಕೂ ಆಗಲ್ಲ.

ಈಗ ವಿಷಯಕ್ಕೆ ಬರ್ತೀನಿ. ನಾನು ಎರಡು ವರ್ಷದಿಂದ ಥೆರಪಿಗೆ ಹೋಗ್ತಿದೀನಿ, ಚಾಟ್‌ಜಿಪಿಟಿ ಥರ ಟೈಪ್ ಮಾಡಿದ್ದಕ್ಕೆ ಉತ್ತರ ಕೊಡೋ ಚಾಟ್‌ಬಾಟೂ ಬಳಸ್ತೀನಿ, ಎರಡೂ ನನಗೆ ಕೆಲಸಕ್ಕೆ ಬಂದಿದಾವೆ. "ಯಾವುದು ಒಳ್ಳೇದು" ಅಂತ ಸುಮಾರು ಜನ ಕೇಳ್ತಾರೆ, ನನ್ನ ಪ್ರಕಾರ ಕೇಳ್ಕೋಬೇಕಾಗಿರೋದು "ಇವತ್ತು ನನಗೆ ಬೇಕಾಗಿರೋದು ಏನು" ಅಂತ. ಯಾಕೆ ಅನ್ನೋದು ಒಂದು ಜಗಳದಿಂದ ನನಗೆ ಅರ್ಥ ಆಯ್ತು.

ಅಕ್ಕನ ಜೊತೆ ಒಂದಿನ ಜೋರು ಜಗಳ ಆಗಿತ್ತು. ರಾತ್ರಿ ನಿದ್ದೆ ಬರ್ಲಿಲ್ಲ, ಎರಡು ಗಂಟೆಗೆ ಎದ್ದು ಕೂತು ಚಾಟ್‌ಬಾಟ್‌ಗೆ ಎಲ್ಲಾ ಟೈಪ್ ಮಾಡ್ದೆ, ಅದು ನಿಮ್ಮ ನೋವು ಅರ್ಥ ಆಗತ್ತೆ, ನೀವು ನಿಮ್ಮ ಮಿತಿ ಹೇಳಿದ್ದು ಸರಿಯಾಗೇ ಇದೆ ಅಂತ ಬಹಳ ಮೃದುವಾಗಿ ಉತ್ತರ ಕೊಡ್ತು, ನನಗೂ ಎದೆ ಹಗುರ ಆಯ್ತು. ಆಮೇಲೆ ಏನನ್ನಿಸ್ತೋ, ಹೊಸ ಚಾಟ್ ತೆಗೆದು ಅದೇ ಜಗಳನ ಅಕ್ಕ ಬರೀತಿರೋ ಹಾಗೆ ಬರೆದೆ. ಅವಳಿಗೂ ಅದೇ ಧಾಟಿಲೇ ಉತ್ತರ ಬಂತು, ಅವಳು ಮಾಡಿದ್ದೂ ಸರಿ ಅಂತ.

ಆ ವಾರ ಥೆರಪಿಸ್ಟ್ ಹತ್ರಾನೂ ಅದೇ ಕಥೆ ಹೇಳ್ದೆ. ಅವ್ರು ಪೂರ್ತಿ ಕೇಳಿಸ್ಕೊಂಡು ಸ್ವಲ್ಪ ಹೊತ್ತು ಸುಮ್ನಿದ್ದು, "ಅಕ್ಕ ಏನೇನಂದ್ರು ಅಂತ ಒಂದೊಂದು ಮಾತೂ ಹೇಳಿದ್ರಿ, ನೀವು ಏನಂದ್ರಿ ಅಂತ ಇನ್ನೂ ಹೇಳಿಲ್ಲ" ಅಂದ್ರು. ನಾನು ನಕ್ಕುಬಿಟ್ಟೆ. ಅದಕ್ಕವ್ರು "ಈ ಭಾಗ ಬಂದಾಗ ನಗ್ತಿದೀರಿ" ಅಂದ್ರು. ಅವತ್ತು ಉಳಿದ ಅರ್ಧ ಗಂಟೆ ನಾನು ಅಳ್ತಾನೇ ಇದ್ದೆ, ಯಾಕಂದ್ರೆ ನಾನು ಅವಳಿಗೆ ಅಂದಿದ್ದು ಬಹಳ ಕೆಟ್ಟ ಮಾತು.

ಚಾಟ್‌ಬಾಟ್‌ಗೆ ಸಿಗೋದು ನೀವು ಬರೆದಿದ್ದು ಮಾತ್ರ. ನೀವು ಬಿಟ್ಟಿದ್ದು, ತಡವರಿಸಿದ್ದು, ಹೇಳ್ಬೇಕಾದ್ರೆ ಮುಖ ಆಕಡೆ ತಿರುಗಿಸಿದ್ದು ಇದ್ಯಾವ್ದೂ ಅಕ್ಷರದಲ್ಲಿ ಇರಲ್ಲ. ಜೊತೆಗೆ ಈ ಚಾಟ್‌ಬಾಟ್‌ಗಳನ್ನ ತಯಾರು ಮಾಡುವಾಗ ಜನ ಯಾವ ಉತ್ತರ ಇಷ್ಟಪಡ್ತಾರೆ ಅಂತ ನೋಡಿ ತಿದ್ದೋ ಒಂದು ಹಂತ ಇರತ್ತೆ, ಜನಕ್ಕೆ ತಮ್ಮ ಮಾತು ಒಪ್ಪೋ ಉತ್ತರ ಇಷ್ಟ ಆಗತ್ತೆ, ಹಾಗಾಗಿ ಅದು ಹೂಂಗುಟ್ಟೋ ಕಡೆಗೇ ವಾಲತ್ತೆ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಒಂದು ಅಪ್‌ಡೇಟ್ ಎಷ್ಟು ಹೊಗಳೋಕೆ ಶುರು ಮಾಡ್ತು ಅಂದ್ರೆ ಅದನ್ನ ತಯಾರು ಮಾಡೋ ಓಪನ್‌ಎಐ ಕಂಪನಿ ಕೆಲವೇ ದಿನದಲ್ಲಿ ಅದನ್ನ ವಾಪಸ್ ತಗೋಬೇಕಾಯ್ತು.

ಇದು ಹೊಸ ವಿಷಯನೂ ಅಲ್ಲ. 1966ರಲ್ಲಿ ಅಮೆರಿಕದ ಎಂಐಟಿ ಯೂನಿವರ್ಸಿಟಿಯ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಅನ್ನೋ ಪ್ರೋಗ್ರಾಮ್ ಬಗ್ಗೆ ಬರೆದ್ರು, ನಾವು ಹೇಳಿದ್ದನ್ನೇ ಪ್ರಶ್ನೆ ಮಾಡಿ ತಿರುಗಿಸಿ ಕೇಳೋದು ಬಿಟ್ರೆ ಅದಕ್ಕೆ ಹೆಚ್ಚೇನೂ ಬರ್ತಿರ್ಲಿಲ್ಲ. ಅದನ್ನ ಅವ್ರು ತಯಾರು ಮಾಡಿದ್ದನ್ನ ಕಣ್ಣಾರೆ ನೋಡಿದ್ದ ಅವ್ರ ಸೆಕ್ರೆಟರಿನೇ ಅದ್ರ ಜೊತೆ ಮಾತಾಡ್ತಾ, ಸ್ವಲ್ಪ ಹೊರಗೆ ಇರ್ತೀರಾ ಅಂತ ಅವ್ರನ್ನೇ ಕೇಳಿದ್ರಂತೆ. ನಮ್ಮ ಮಾತು ಯಾರೋ ಕೇಳಿಸ್ಕೊಂಡ್ರು ಅನ್ನೋ ಭಾವನೆ ಅಷ್ಟು ಸುಲಭವಾಗಿ ಬರತ್ತೆ. ಆ ಸಮಾಧಾನ ಸುಳ್ಳು ಅಂತ ನಾನು ಹೇಳಲ್ಲ, ರಾತ್ರಿ ಎರಡು ಗಂಟೆಗೆ ಅದೇ ದೊಡ್ಡದು. ಆದ್ರೆ ಸಮಾಧಾನ ಆಯ್ತು ಅಂದ ಮಾತ್ರಕ್ಕೆ ಗಾಯ ವಾಸಿ ಆಯ್ತು ಅಂದ್ಕೋಬೇಡಿ.

ಚಾಟ್‌ಬಾಟ್‌ಗೆ ಕೊಡಬಹುದಾದ ಕೆಲಸ

ತಲೇಲಿ ಎಲ್ಲಾ ಗೋಜಲಾಗಿದ್ದಾಗ ಹೊರಗೆ ಹಾಕೋಕೆ ಅದು ಚೆನ್ನಾಗಿದೆ. ಏನಾಗ್ತಿದೆ ಅಂತ ಗೊತ್ತಾಗ್ತಿಲ್ಲ, ಸಿಟ್ಟೋ ಭಯನೋ ನಾಚಿಕೆನೋ ಅಂತ ಹೆಸರು ಹುಡುಕೋಕೆ, ಬಾಸ್ ಹತ್ರನೋ ಗಂಡನ ಹತ್ರನೋ ಆಡ್ಬೇಕಾಗಿರೋ ಕಷ್ಟದ ಮಾತನ್ನ ಒಂದ್ಸಲ ಪ್ರಾಕ್ಟೀಸ್ ಮಾಡೋಕೆ, ಇದಕ್ಕೆಲ್ಲಾ ಬಳಸಿ. ಸಿಬಿಟಿ ಅಂತ, ಯೋಚನೆ ಮತ್ತೆ ನಡವಳಿಕೆ ಬದಲಾಯಿಸೋಕೆ ಕಲಿಸೋ ಒಂದು ಥೆರಪಿ ಪದ್ಧತೀಲಿ ಒಂದು ಅಭ್ಯಾಸ ಇದೆ, ಏನಾಯ್ತು, ಆಗ ತಲೇಲಿ ಬಂದ ಯೋಚನೆ ಏನು, ಅದಕ್ಕೆ ಆಧಾರ ಏನಿದೆ, ಅದ್ರ ವಿರುದ್ಧ ಏನಿದೆ, ಇನ್ನೊಂದು ರೀತೀಲಿ ನೋಡಬಹುದಾ ಅಂತ ಒಂದೊಂದಾಗಿ ಬರೆಯೋದು. ಇದನ್ನ ಚಾಟ್‌ಬಾಟ್ ಒಂದೊಂದೇ ಪ್ರಶ್ನೆ ಕೇಳ್ತಾ ಚೆನ್ನಾಗೇ ಮಾಡಿಸತ್ತೆ.

ಆದ್ರೆ ಕೇಳೋ ರೀತಿ ಬದಲಾಯಿಸ್ಬೇಕು. ನಾನು ಈಗ ಶುರೂಲೇ ಹೀಗೆ ಬರೀತೀನಿ: "ನನಗೆ ಸಮಾಧಾನ ಮಾಡ್ಬೇಡ, ನನ್ನ ಪರ ಮಾತಾಡ್ಬೇಡ. ನಾನು ಹೇಳಿದ್ರಲ್ಲಿ ಏನು ಬಿಟ್ಟುಹೋಗಿದೆ ಅಂತ ಮೂರು ಪ್ರಶ್ನೆ ಕೇಳು. ಎದುರಿನವರ ಕಡೆಯಿಂದ ಇದು ಹೇಗೆ ಕಾಣತ್ತೆ ಅಂತ ಹೇಳು." ಇಷ್ಟು ಹಾಕಿದ್ರೆ ಉತ್ತರ ಬೇರೇನೇ ಬರತ್ತೆ, ಮಾಡಿ ನೋಡಿ. ಇನ್ನೊಂದು, ಇಪ್ಪತ್ತು ನಿಮಿಷಕ್ಕೆ ಟೈಮರ್ ಇಟ್ಕೊಳ್ಳಿ, ಮುಗಿದ್ಮೇಲೆ ಚಾಟ್ ಮುಚ್ಚಿ. ಗಂಟೆಗಟ್ಟಲೆ ಒಂದೇ ಚಾಟ್ ಎಳೆದಾಗ ಸುರಕ್ಷತೆಗೆ ಅಂತ ಹಾಕಿರೋ ಕಟ್ಟುಪಾಡುಗಳು ಸಡಿಲ ಆಗಬಹುದು ಅಂತ ಓಪನ್‌ಎಐನವರೇ 2025ರ ಆಗಸ್ಟ್‌ನಲ್ಲಿ ಒಪ್ಕೊಂಡಿದಾರೆ.

ಯಾವ ಬಾಟ್ ಅನ್ನೋದನ್ನೂ ನೋಡಿ. ಎಲ್ಲಾ ಕೆಲಸಕ್ಕೂ ಇರೋ ಬಾಟ್ ಬೇರೆ, ಮಾನಸಿಕ ಆರೋಗ್ಯಕ್ಕೇ ಅಂತ ಕಟ್ಟಿರೋದು ಬೇರೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನವರು ಕಟ್ಟಿರೋ ಥೆರಬಾಟ್ ಅನ್ನೋ ಚಾಟ್‌ಬಾಟ್‌ನ 210 ಜನರ ಅಧ್ಯಯನ 2025ರಲ್ಲಿ ಬಂತು, ನಾಲ್ಕು ವಾರ ಬಳಸಿದ ಖಿನ್ನತೆಯವರ ಲಕ್ಷಣಗಳು ಸರಾಸರಿ 51 ಪರ್ಸೆಂಟ್ ಇಳಿದಿದ್ವು. ಇದನ್ನ ಹಿಡ್ಕೊಂಡು ಇನ್ನು ಥೆರಪಿಸ್ಟೇ ಬೇಡ ಅನ್ನೋರು ಇದಾರೆ, ಆದ್ರೆ ಆ ಚಾಟ್‌ಗಳ ಮೇಲೆ ತಜ್ಞರ ಕಣ್ಣಿತ್ತು, ಹೋಲಿಸಿದ್ದೂ ಥೆರಪಿಗೆ ಹೋಗೋರ ಜೊತೆ ಅಲ್ಲ, ಆ ಬಾಟ್ ಸಿಗೋಕೆ ಇನ್ನೂ ಕಾಯ್ತಾ ಇದ್ದೋರ ಜೊತೆ. ಅದೇ 2023ರಲ್ಲಿ ಅಮೆರಿಕದಲ್ಲಿ ಈಟಿಂಗ್ ಡಿಸಾರ್ಡರ್, ಅಂದ್ರೆ ಊಟಕ್ಕೆ ಸಂಬಂಧಪಟ್ಟ ಮಾನಸಿಕ ಕಾಯಿಲೆ ಇರೋರಿಗೆ ಅಂತಾನೇ ಇದ್ದ ಟೆಸ್ಸಾ ಅನ್ನೋ ಬಾಟ್, ಕ್ಯಾಲೊರಿ ಕಮ್ಮಿ ಮಾಡಿ ತೂಕ ಇಳಿಸಿ ಅಂತ ಸಲಹೆ ಕೊಟ್ಟು ಅದನ್ನ ನಿಲ್ಲಿಸ್ಬೇಕಾಯ್ತು. ಊಟ ಬಿಟ್ಟು ಬಿಟ್ಟು ಸೊರಗಿರೋರಿಗೆ ಆ ಸಲಹೆ ಅಂದ್ರೆ ಏನು ಅಂತ ಯೋಚ್ನೆ ಮಾಡಿ.

ಚಾಟ್‌ಬಾಟ್ ಹತ್ರ ಬೇಡವೇ ಬೇಡ ಅನ್ನೋದು

ಔಷಧಿ ಡೋಸ್ ಹೆಚ್ಚು ಕಮ್ಮಿ ಮಾಡೋದು, ನಿಲ್ಲಿಸೋದು, ಇದನ್ನ ಬರೆದುಕೊಟ್ಟ ಡಾಕ್ಟರ್ ಹತ್ರ ಮಾತ್ರ ಕೇಳಿ. ಯಾರಿಗೂ ಕೇಳದ ಧ್ವನಿ ಕೇಳಿಸ್ತಿದೆ, ಎಲ್ರೂ ಸೇರಿ ನನ್ನ ವಿರುದ್ಧ ಏನೋ ಮಾಡ್ತಿದಾರೆ ಅನ್ನಿಸ್ತಿದೆ ಅಂದ್ರೂ ಅಷ್ಟೇ, ಆ ಅನುಮಾನಕ್ಕೆ ಅದು ಹೌದು ಅಂದ್ಬಿಟ್ರೆ ಬಹಳ ಅಪಾಯ. ಚಿಕ್ಕವಯಸ್ಸಲ್ಲಿ ಆದ ದೌರ್ಜನ್ಯ, ಹಿಂಸೆ, ಇಂಥದ್ದನ್ನ ರಾತ್ರಿ ಒಬ್ರೇ ಕೂತು ಕೆದಕ್ಬೇಡಿ.

ಇದ್ರಲ್ಲಿ ಜನ ಗಮನಿಸದೇ ಇರೋದು ಒಂದಿದೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಓಸಿಡಿ, ಅಂದ್ರೆ ಬೇಡದ ಯೋಚನೆ ಮತ್ತೆ ಮತ್ತೆ ಬಂದು ಒಂದೇ ಕೆಲಸ ಪದೇ ಪದೇ ಮಾಡಿಸೋ ಕಾಯಿಲೆ ಇದ್ರೆ, ಅಥವಾ ಆರೋಗ್ಯದ ಬಗ್ಗೆ ವಿಪರೀತ ಆತಂಕ ಇದ್ರೆ, ತಲೆ ಒಂದೇ ಪ್ರಶ್ನೆನ ಮತ್ತೆ ಮತ್ತೆ ಕೇಳತ್ತೆ, ಗ್ಯಾಸ್ ಆಫ್ ಮಾಡಿದೀನಿ ತಾನೇ, ಈ ತಲೆನೋವು ಟ್ಯೂಮರ್ ಅಲ್ಲ ತಾನೇ, ನಾನು ಅವತ್ತು ಅಂದಿದ್ದಕ್ಕೆ ಅವ್ರಿಗೆ ಬೇಜಾರಾಗಿಲ್ಲ ತಾನೇ. ಯಾರಾದ್ರೂ ಇಲ್ಲ ಬಿಡು ಅಂದ್ರೆ ಐದು ನಿಮಿಷ ನೆಮ್ಮದಿ, ಆಮೇಲೆ ಮತ್ತೆ ಶುರು, ಪ್ರತಿ ಸಲ ಉತ್ತರ ಸಿಕ್ಕಿದಾಗಲೂ ಅನುಮಾನದ ಬೇರು ಇನ್ನೂ ಆಳಕ್ಕೆ ಇಳಿಯತ್ತೆ. ಮನೇವ್ರು ಹತ್ತನೇ ಸಲಕ್ಕೆ ಸಾಕು ಅಂತಾರೆ, ಚಾಟ್‌ಬಾಟ್‌ಗೆ ಸುಸ್ತಾಗಲ್ಲ, ನೂರನೇ ಸಲಾನೂ ಅಷ್ಟೇ ತಾಳ್ಮೆಯಿಂದ ಉತ್ತರ ಕೊಡತ್ತೆ. ಆ ತಾಳ್ಮೆನೇ ಇಲ್ಲಿ ಕೆಡಿಸೋದು. ಓಸಿಡಿಗೆ ಥೆರಪಿಸ್ಟ್‌ಗಳು ಮಾಡಿಸೋದು ಇದ್ರ ಉಲ್ಟಾ, ಉತ್ತರ ಕೇಳದೇ ಆ ಅನುಮಾನದ ಜೊತೆ ಕೂತಿರೋದನ್ನ ಸ್ವಲ್ಪ ಸ್ವಲ್ಪವಾಗಿ ಕಲಿಸ್ತಾರೆ, ಕಷ್ಟ ಆಗತ್ತೆ ಆದ್ರೆ ಕೆಲಸ ಮಾಡೋದು ಅದೇ. ನೀವು ಒಂದೇ ಪ್ರಶ್ನೆನ ದಿನಕ್ಕೆ ಮೂರು ಸಲ ಬೇರೆ ಬೇರೆ ರೀತೀಲಿ ಟೈಪ್ ಮಾಡ್ತಿದೀರಿ ಅಂತ ಗೊತ್ತಾದ್ರೆ ಅವತ್ತೇ ನಿಲ್ಸಿ, ಮನುಷ್ಯರ ಹತ್ರ ಹೋಗಿ.

ಥೆರಪಿಸ್ಟ್ ಹುಡುಕೋದು

ಸೈಕಿಯಾಟ್ರಿಸ್ಟ್ ಅಂದ್ರೆ ಎಂಬಿಬಿಎಸ್ ಥರ ವೈದ್ಯಕೀಯ ಓದಿರೋ ಡಾಕ್ಟರ್, ಔಷಧಿ ಬರೀತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆ, ಥೆರಪಿ ಮಾಡ್ತಾರೆ. ಕೌನ್ಸೆಲರ್ ಅನ್ನೋ ಹೆಸರಲ್ಲಿ ಚೆನ್ನಾಗಿ ಓದಿರೋರೂ ಇದಾರೆ, ಎರಡು ದಿನದ ಕೋರ್ಸ್ ಮಾಡಿರೋರೂ ಇದಾರೆ, ಹಾಗಾಗಿ ಮೊದಲ ಫೋನಲ್ಲೇ ಕೇಳಿ: ನೀವು ಏನು ಓದಿದೀರಿ, ರಿಜಿಸ್ಟ್ರೇಶನ್ ಇದ್ಯಾ, ನನ್ನಂಥ ತೊಂದರೆ ಇರೋರನ್ನ ನೋಡಿದೀರಾ, ಯಾವ ಪದ್ಧತೀಲಿ ಮಾಡ್ತೀರಿ, ನಿಮ್ಮ ಕೆಲಸನ ನೋಡಿ ತಿದ್ದೋ ಸೂಪರ್‌ವೈಸರ್ ಇದಾರಾ, ನಾನು ಹೇಳಿದ್ದನ್ನ ಯಾವ ಸಂದರ್ಭದಲ್ಲಿ ಬೇರೆಯವ್ರಿಗೆ ಹೇಳ್ತೀರಿ. ಒಳ್ಳೆಯವ್ರು ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ.

ನನ್ನ ಮೊದಲನೇ ಥೆರಪಿಸ್ಟ್ ನನಗೆ ಹೊಂದ್ಲಿಲ್ಲ, ನಾನು ಮಾತಾಡ್ತಿದ್ರೆ ಗಡಿಯಾರ ನೋಡೋರು, ಎಲ್ಲದಕ್ಕೂ ಪಾಸಿಟಿವ್ ಆಗಿರಿ ಅನ್ನೋರು. ಥೆರಪಿ ಅಂದ್ರೆ ಇಷ್ಟೇ ಅಂದ್ಕೊಂಡು ಎಂಟು ತಿಂಗಳು ಎಲ್ಲಿಗೂ ಹೋಗ್ಲಿಲ್ಲ, ಆ ಎಂಟು ತಿಂಗಳು ಈಗ್ಲೂ ನೆನಪಾಗಿ ಸಂಕಟ ಆಗತ್ತೆ. ಅದಕ್ಕೇ ಹೇಳ್ತಿದೀನಿ, ಒಬ್ರು ಹೊಂದ್ಲಿಲ್ಲ ಅಂದ್ರೆ ಇನ್ನೊಬ್ರನ್ನ ನೋಡಿ. ಎಡ್ವರ್ಡ್ ಬೋರ್ಡಿನ್ ಅನ್ನೋ ಮನಶ್ಶಾಸ್ತ್ರಜ್ಞ 1979ರಲ್ಲಿ ಥೆರಪಿಸ್ಟ್ ಮತ್ತೆ ಹೋದೋರ ಸಂಬಂಧನ ಮೂರು ಭಾಗ ಮಾಡಿ ಹೇಳಿದ್ರು: ಎಲ್ಲಿಗೆ ತಲುಪ್ಬೇಕು ಅನ್ನೋದ್ರಲ್ಲಿ ಒಪ್ಪಿಗೆ, ಅದಕ್ಕೆ ಏನು ಮಾಡ್ಬೇಕು ಅನ್ನೋದ್ರಲ್ಲಿ ಒಪ್ಪಿಗೆ, ಇಬ್ರ ಮಧ್ಯೆ ನಂಬಿಕೆ. ಮೂರ್ನಾಲ್ಕು ಸೆಷನ್ ಆದ್ಮೇಲೆ ಈ ಮೂರನ್ನೂ ಕೇಳ್ಕೊಳ್ಳಿ. ಏನೋ ಸರಿ ಹೋಗ್ತಿಲ್ಲ ಅಂದ್ರೆ ಅವ್ರಿಗೇ ನೇರವಾಗಿ ಹೇಳಿ, "ಹೋದ ವಾರ ನೀವಂದಿದ್ದು ನನಗೆ ನೋವಾಯ್ತು" ಅಂತ. ಅವ್ರು ಅದನ್ನ ಕೇಳಿಸ್ಕೊಂಡು ಸರಿ ಮಾಡಿದ್ರೆ, ಮುರಿದಿದ್ದು ಕೂಡತ್ತೆ ಅನ್ನೋದು ನಿಮಗೆ ಅನುಭವಕ್ಕೆ ಬರತ್ತೆ, ಚಾಟ್‌ಬಾಟ್ ಹತ್ರ ಈ ಅನುಭವ ಸಿಗಲ್ಲ, ಅದಕ್ಕೆ ನಿಮ್ಮಿಂದ ನೋವೂ ಆಗಲ್ಲ. ಸೆಷನ್ ಹೊರಗೆ ಸಲಿಗೆ ಬೆಳೆಸೋಕೆ ನೋಡೋರು, ಮುಟ್ಟೋರು, ನಿಮ್ಮ ವಿಷಯ ಬೇರೆಯವ್ರ ಹತ್ರ ಆಡೋರು ಇದ್ರೆ ಅವತ್ತೇ ಬಿಟ್ಟುಬಿಡಿ, ದೂರು ಕೊಡೋ ಜಾಗ ಇದ್ರೆ ದೂರೂ ಕೊಡಿ.

ಎಲ್ರಿಗೂ ಥೆರಪಿಸ್ಟ್ ಸಿಗಲ್ಲ ಅನ್ನೋದೂ ನಿಜ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 2019ರಲ್ಲಿ ಪ್ರಪಂಚದಲ್ಲಿ ಸುಮಾರು 97 ಕೋಟಿ ಜನಕ್ಕೆ ಮಾನಸಿಕ ತೊಂದರೆ ಇತ್ತು, ಅಷ್ಟು ಜನಕ್ಕೆ ಸಾಲೋಷ್ಟು ತಜ್ಞರು ಎಲ್ಲಿದಾರೆ. ದುಡ್ಡಿಲ್ಲ, ಸರದಿ ಉದ್ದ ಇದೆ ಅಂದ್ರೆ ವಿದ್ಯಾರ್ಥಿಗಳು ಹಿರಿಯರ ಕೈಕೆಳಗೆ ಕೆಲಸ ಮಾಡೋ ಯೂನಿವರ್ಸಿಟಿ ಕ್ಲಿನಿಕ್, ಗುಂಪು ಥೆರಪಿ, ಸರ್ಕಾರಿ ಆಸ್ಪತ್ರೆ ಇವನ್ನ ವಿಚಾರಿಸಿ, ಅಲ್ಲೀವರೆಗೆ ಚಾಟ್‌ಬಾಟ್ ಜೊತೆಗೆ ನಿಜವಾದ ಒಬ್ಬ ಮನುಷ್ಯನೂ ವಾರಕ್ಕೆ ಒಂದ್ಸಲ ನಿಮ್ಮ ಮಾತು ಕೇಳೋ ಹಾಗೆ ನೋಡ್ಕೊಳ್ಳಿ, ಸ್ನೇಹಿತ್ರಾದ್ರೂ ಸರಿ.

ಗುಟ್ಟಿನ ವಿಷಯ

ಥೆರಪಿಸ್ಟ್‌ಗೆ ನಿಮ್ಮ ಮಾತು ಗುಟ್ಟಾಗಿಡೋ ಕರ್ತವ್ಯ ಇರತ್ತೆ, ಜೀವಕ್ಕೆ ಅಪಾಯ ಇರೋ ಥರದ ಕೆಲವು ಸಂದರ್ಭ ಬಿಟ್ರೆ. ಚಾಟ್‌ಜಿಪಿಟಿ ಜೊತೆ ಆಡಿದ ಮಾತಿಗೆ ಆ ಥರದ ಕಾನೂನಿನ ರಕ್ಷಣೆ ಇಲ್ಲ ಅಂತ ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ 2025ರಲ್ಲಿ ತಾವೇ ಹೇಳಿದಾರೆ. ಹಾಗಂತ ಮನುಷ್ಯರ ಹತ್ರ ಇದ್ರೆ ಎಲ್ಲಾ ಭದ್ರ ಅಂತಾನೂ ಅಲ್ಲ, ಫಿನ್‌ಲೆಂಡ್‌ನ ವಸ್ತಾಮೊ ಅನ್ನೋ ಥೆರಪಿ ಸಂಸ್ಥೆಯಿಂದ ಕದ್ದ ಫೈಲ್ ಇಟ್ಕೊಂಡು 2020ರಲ್ಲಿ ರೋಗಿಗಳಿಗೇ ದುಡ್ಡಿಗೆ ಬೆದರಿಕೆ ಹಾಕಿದ್ರು. ಚಾಟ್‌ಬಾಟಲ್ಲಿ ನಿಜವಾದ ಹೆಸರು, ಕೆಲಸ ಮಾಡೋ ಜಾಗ ಹಾಕ್ಬೇಡಿ, ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಚಾಟನ್ನ ಬಾಟ್‌ಗೆ ಕಲಿಸೋಕೆ (ಟ್ರೈನಿಂಗ್‌ಗೆ) ಬಳಸೋ ಆಯ್ಕೆ ಆಫ್ ಮಾಡಿ. ಥೆರಪಿಸ್ಟ್‌ನ ನೋಟ್ಸ್ ಎಲ್ಲಿಡ್ತೀರಿ ಅಂತ ಕೇಳಿ.

ಎರಡನ್ನೂ ಒಟ್ಟಿಗೆ ಬಳಸೋದಾದ್ರೆ

ಥೆರಪಿಸ್ಟ್‌ಗೆ ಹೇಳಿ, ಮುಚ್ಚಿಡ್ಬೇಡಿ. ನಾನು ಚಾಟಲ್ಲಿ ಬರೆದಿದ್ರಲ್ಲಿ ಒಂದು ತುಣುಕು ಕಾಪಿ ಮಾಡಿ ತಗೊಂಡು ಹೋಗ್ತೀನಿ, ಬಾಯಲ್ಲಿ ಹೇಳೋಕಾಗದ ಎಷ್ಟೋ ವಿಷಯ ಹಾಗೆ ಹೊರಗೆ ಬಂದಿದೆ. ಜೊತೆಗೆ ಎರಡು ವಾರಕ್ಕೊಮ್ಮೆ ಖಿನ್ನತೆ ಎಷ್ಟಿದೆ ಅಂತ ಅಳೆಯೋ ಪಿಎಚ್‌ಕ್ಯೂ-9 ಅನ್ನೋ ಒಂಬತ್ತು ಪ್ರಶ್ನೆ ತುಂಬಿ, ಆನ್‌ಲೈನಲ್ಲಿ ಫ್ರೀ ಸಿಗತ್ತೆ, 0ಯಿಂದ 27ರವರೆಗೆ ಅಂಕ. 10 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಚಾಟ್‌ಬಾಟ್ ಒಂದನ್ನೇ ನಂಬ್ಕೊಂಡು ಇರ್ಬೇಡಿ. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆ ಬಗ್ಗೆ, ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನೇ ಹಾಕಿದ್ರೂ ಅವತ್ತೇ ಒಬ್ಬ ಮನುಷ್ಯರಿಗೆ ಹೇಳಿ, ಒಟ್ಟು ಅಂಕ ಎಷ್ಟೇ ಕಮ್ಮಿ ಇದ್ರೂ.

ಚಾಟ್ ಮುಚ್ಚಿದ್ಮೇಲೆ ಅಕ್ಕನಿಗೆ ಫೋನ್ ಮಾಡ್ಬೇಕು ಅನ್ನಿಸ್ತಾ, ಇಲ್ಲಾ ಇನ್ಯಾರೂ ಬೇಡ ಇದೇ ಸಾಕು ಅನ್ನಿಸ್ತಾ, ಇದನ್ನ ಪ್ರತಿ ಸಲ ನೋಡ್ಕೊಳ್ಳಿ. ಎರಡನೇದು ಅನ್ನಿಸೋಕೆ ಶುರುವಾದ್ರೆ ಒಂದು ವಾರ ಅದನ್ನ ಮುಟ್ಬೇಡಿ.

ಥೆರಪಿಸ್ಟ್‌ಗೆ ಮೊದಲ ಮೆಸೇಜ್ ಏನಂತ ಕಳಿಸೋದು ಅಂತ ಗೊತ್ತಾಗದೇ ತಿಂಗಳುಗಟ್ಟಲೆ ಮುಂದೂಡೋರು ಬಹಳ ಜನ, ನಾನೂ ಹಾಗೇ ಮಾಡಿದ್ದೆ. ನಾನು ಕೊನೆಗೆ ಕಳಿಸಿದ್ದು ಇಷ್ಟೇ, ಬೇಕಾದ್ರೆ ಹೀಗೇ ತಗೊಳ್ಳಿ: "ನಮಸ್ಕಾರ ಮೇಡಂ, ಮೂರು ತಿಂಗಳಿಂದ ನಿದ್ದೆ ಸರಿ ಇಲ್ಲ, ಸಣ್ಣದಕ್ಕೂ ಅಳು ಬರತ್ತೆ. ಮೊದಲು ಒಂದ್ಸಲ ಥೆರಪಿಗೆ ಹೋಗಿದ್ದೆ, ಸರಿ ಹೋಗಿರ್ಲಿಲ್ಲ. ನಿಮ್ಮ ಹತ್ರ ಹೊಸಬರಿಗೆ ಜಾಗ ಇದ್ಯಾ? ಸಂಜೆ ಐದರ ಮೇಲೆ ಬರಬಲ್ಲೆ."