ಥೈರಾಯ್ಡ್ ರಿಪೋರ್ಟನ್ನು ನಾನು ಓದುವ ಬಗೆ

ಮಂಗಳೂರಿನ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ನನಗೂ ಹೈಪೋಥೈರಾಯ್ಡ್ ಇದೆ, ಅಂದರೆ ಕತ್ತಿನ ಥೈರಾಯ್ಡ್ ಗ್ರಂಥಿ ಹಾರ್ಮೋನನ್ನು ಸಾಕಷ್ಟು ತಯಾರಿಸುವುದಿಲ್ಲ. ಬೆಳಗ್ಗೆ ಎದ್ದ ಕೂಡಲೇ ಮಾತ್ರೆ ನುಂಗುವವಳು ನಾನು. ರಿಪೋರ್ಟ್ ಕೈಗೆ ಸಿಕ್ಕಿದವರು ಮೊದಲು ಹುಡುಕುವುದು ದಪ್ಪ ಅಕ್ಷರದ ಅಂಕೆಯನ್ನು. ನಾನು ಮೊದಲು ನೋಡುವುದು ರಕ್ತ ತೆಗೆದ ಸಮಯವನ್ನು.

ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಎಬ್ಬಿಸುವ ಹಾರ್ಮೋನ್) ರಾತ್ರಿಯಿಂದ ನಸುಕಿನವರೆಗೆ ಏರಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಕಳೆದ ಸಲ ಬೆಳಗ್ಗೆ ಕೊಟ್ಟು ಈ ಸಲ ಊಟವಾದ ಮೇಲೆ ಕೊಟ್ಟರೆ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದು ಸರಿಯಲ್ಲ. ನಾನು ಯಾವಾಗಲೂ ಬೆಳಗ್ಗೆಯೇ ರಕ್ತ ಕೊಟ್ಟು, ಆಮೇಲೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಮಾತ್ರೆ ನುಂಗಿದ ಕೆಲವು ಗಂಟೆ ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಥೈರಾಯ್ಡ್ ಹಾರ್ಮೋನ್) ಮೇಲೇರಿರುವುದರಿಂದ ಈ ಕ್ರಮ.

ಇನ್ನು ಅಂಕೆಗಳು. ಟಿಎಸ್‌ಎಚ್ ಬರುವುದು ಥೈರಾಯ್ಡ್‌ನಿಂದಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿಯಿಂದ. ಅಂಗಳದಲ್ಲಿ ಆಡುವ ಮಗು ಓಗೊಡದಿದ್ದರೆ ತಾಯಿ ದನಿ ಏರಿಸಿ ಕರೆಯುತ್ತಾಳಲ್ಲ, ಹಾಗೆ ಥೈರಾಯ್ಡ್ ಸೋತಷ್ಟೂ ಟಿಎಸ್‌ಎಚ್ ಏರುತ್ತದೆ. ಆದ್ದರಿಂದ ಅದನ್ನು ಫ್ರೀ ಟಿ4 ಜೊತೆಗೇ ಓದಬೇಕು. ಟಿಎಸ್‌ಎಚ್ ಮಿತಿ ದಾಟಿ 6.8 ಇದ್ದು ಫ್ರೀ ಟಿ4 ಮಿತಿಯೊಳಗೇ 1.1 ಇದ್ದರೆ ಹಾರ್ಮೋನ್ ಇನ್ನೂ ಸಾಕಷ್ಟಿದೆ ಎಂದರ್ಥ. ಸಾಮಾನ್ಯವಾಗಿ ವೈದ್ಯರು ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ, ದೇಹವೇ ಥೈರಾಯ್ಡ್ ಮೇಲೆ ತಿರುಗಿಬಿದ್ದಿದೆಯೇ ಎಂದು ಸೂಚಿಸುವ ಟಿಪಿಒ ಪ್ರತಿಕಾಯವನ್ನೂ ಪರೀಕ್ಷಿಸಲು ಹೇಳುತ್ತಾರೆ. ಟಿಎಸ್‌ಎಚ್ 10 ದಾಟಿದರೆ, ಅಥವಾ ಫ್ರೀ ಟಿ4 ಕೂಡ ಇಳಿದಿದ್ದರೆ ಮಾತು ಬೇರೆ. ಫ್ರೀ ಟಿ4 ಕಡಿಮೆಯಿದ್ದೂ ಟಿಎಸ್‌ಎಚ್ ಏರದೆ ಸುಮ್ಮನಿದ್ದರೆ ತೊಂದರೆ ಪಿಟ್ಯುಟರಿಯಲ್ಲೇ ಇರಬಹುದು. ಟಿಎಸ್‌ಎಚ್ ಒಂದನ್ನೇ ನೋಡಿದರೆ ಇದು ತಪ್ಪಿಹೋಗುತ್ತದೆ.

ನಮ್ಮ ಕರಾವಳಿಯಲ್ಲಿ ಗಲ್ಫ್ ರಿಪೋರ್ಟ್‌ಗಳದ್ದೇ ಒಂದು ಕಥೆ. ಮಗಳ ಬಾಣಂತನಕ್ಕೆಂದು ದುಬೈಗೆ ಹೋಗಿ ಬಂದ ಅಮ್ಮನೊಬ್ಬರು ಗಾಬರಿಯಿಂದ ಕೇಳಿದ್ದರು: ‘ಅಲ್ಲಿ ಫ್ರೀ ಟಿ4 14 ಇತ್ತು, ಇಲ್ಲಿ ಬರೀ 1.1 ಬಂದಿದೆ, ಇಷ್ಟು ಬೇಗ ಇಳಿಯುತ್ತದಾ ಮೇಡಂ?’ ಇಳಿದಿರಲಿಲ್ಲ. ಅಲ್ಲಿಯದು ಪಿಕೋಮೋಲ್ ಲೆಕ್ಕ, ನಮ್ಮದು ನ್ಯಾನೋಗ್ರಾಂ ಲೆಕ್ಕ. ನಮ್ಮ ಅಂಕೆಯನ್ನು 12.87ರಿಂದ ಗುಣಿಸಿದರೆ ಅಲ್ಲಿಯದು ಸಿಗುತ್ತದೆ. ಅವರೆದುರೇ ಕಾಗದದ ಮೇಲೆ ಗುಣಿಸಿ ತೋರಿಸಿದೆ. ಅಂಕೆಯ ಪಕ್ಕದ ಮಾನವನ್ನೂ, ಅದೇ ಲ್ಯಾಬ್ ಮುದ್ರಿಸಿದ ಮಿತಿಯನ್ನೂ ನೋಡದೆ ಯಾವ ತೀರ್ಮಾನಕ್ಕೂ ಬರಬಾರದು.

ನಾನು ತಪ್ಪದೆ ಕೇಳುವ ಇನ್ನೊಂದು ಪ್ರಶ್ನೆ: ‘ಕೂದಲಿಗೆ ಮಾತ್ರೆ ತೆಗೆದುಕೊಳ್ಳುತ್ತೀರಾ?’ ಥೈರಾಯ್ಡ್ ಕಡಿಮೆಯಾದರೆ ಕೂದಲು ಉದುರುತ್ತದೆ, ಉದುರಿದರೆ ಜನ ಬಯೋಟಿನ್ ಎಂಬ ವಿಟಮಿನ್ ಕೊಳ್ಳುತ್ತಾರೆ. ದೇಹಕ್ಕೆ ದಿನಕ್ಕೆ ಬೇಕಾಗುವುದು ಸುಮಾರು 30 ಮೈಕ್ರೋಗ್ರಾಂ; ಕೆಲವು ಮಾತ್ರೆಗಳಲ್ಲಿ ಇರುವುದು 10,000. ಕೆಲವು ಯಂತ್ರಗಳ ಕಿಟ್‌ನಲ್ಲಿ ಹಾರ್ಮೋನನ್ನು ಹಿಡಿದಿಡುವ ಕೊಂಡಿಯೇ ಬಯೋಟಿನ್. ರಕ್ತದಲ್ಲಿ ಅದು ತುಂಬಿಕೊಂಡಿದ್ದರೆ ಕೊಂಡಿ ಕೂರಬೇಕಾದ ಜಾಗವನ್ನು ತಾನೇ ಆಕ್ರಮಿಸುತ್ತದೆ. ಆಗ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರುತ್ತದೆ. ಫ್ರೀ ಟಿ4 ಪರೀಕ್ಷೆಯ ಲೆಕ್ಕ ತಿರುಗುಮುರುಗು, ಹಾಗಾಗಿ ಅದು ಹೆಚ್ಚು ತೋರುತ್ತದೆ. ಕಾಗದದ ಮೇಲೆ ಥೇಟ್ ಹಾರ್ಮೋನ್ ಅತಿಯಾದ ಹೈಪರ್‌ಥೈರಾಯ್ಡ್! ಆದರೆ ರೋಗಿಗೆ ಎದೆ ಡವಡವ ಎನ್ನುತ್ತಿಲ್ಲ, ನಡುಕವಿಲ್ಲ, ತೂಕ ಇಳಿದಿಲ್ಲ. ಇಂಥ ರಿಪೋರ್ಟ್ ನಂಬಿ ಥೈರಾಯ್ಡ್ ಮಾತ್ರೆ ನಿಲ್ಲಿಸಿದರೆ ನಿಜವಾದ ಕಾಯಿಲೆ ಒಳಗೇ ಬೆಳೆಯುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಬೇಕು. ಪ್ರಮಾಣ ಬಹಳ ಹೆಚ್ಚಿದ್ದರೆ ಇನ್ನೂ ಮೊದಲೇ.

ಗರ್ಭಿಣಿಯರ ಮಿತಿಯೇ ಬೇರೆ. ಮೊದಲ ಮೂರು ತಿಂಗಳಲ್ಲಿ ಟಿಎಸ್‌ಎಚ್ ತಾನಾಗಿಯೇ ಇಳಿಯುವುದುಂಟು. ಗರ್ಭಿಣಿ ಎಂಬುದನ್ನು ಲ್ಯಾಬಿನಲ್ಲೂ ಹೇಳಿ, ನಾಚಬೇಡಿ.

ಡೋಸ್ ಬದಲಾದ ಮರುವಾರವೇ ಪರೀಕ್ಷೆಗೆ ಬರುವವರನ್ನು ನಾನು ತಡೆದು, ವೈದ್ಯರನ್ನು ಕೇಳಿಕೊಂಡು ಬನ್ನಿ ಎನ್ನುತ್ತೇನೆ. ಟಿ4 ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು, ಹೊಸ ಡೋಸ್ ನೆಲೆಗೊಳ್ಳಲು ಆರರಿಂದ ಎಂಟು ವಾರ. ಅಷ್ಟು ದಿನವೂ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನೀರಿನಲ್ಲೇ ನುಂಗಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾದು, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ನಾಲ್ಕು ಗಂಟೆ ದೂರವಿಟ್ಟರೆ ಮುಂದಿನ ರಿಪೋರ್ಟ್ ನೋಡಿ ವೈದ್ಯರು ಧೈರ್ಯವಾಗಿ ಡೋಸ್ ನಿರ್ಧರಿಸಬಹುದು.