ಕಣ್ಮುಚ್ಚಿ ತೆರೆಯುವಷ್ಟರಲ್ಲಿ ಮಾಯ: ಅಬ್ರಾ ಹಿಡಿದು ಅಲಕಜಾಮ್ ಮಾಡುವುದು ಹೇಗೆ?

ಪೊಕೆಮಾನ್ ವಿಡಿಯೊ ಆಟದ ಹುಲ್ಲಿನಲ್ಲಿ ಸುತ್ತಿ ಸುತ್ತಿ ಕೊನೆಗೂ ಅಬ್ರಾ ಎಂಬ ಪೊಕೆಮಾನ್ ಎದುರಾಗುತ್ತದೆ. ಕೂಡಲೇ ಬಹಳಷ್ಟು ಆಟಗಾರರು ಬೇರೆ ಪೊಕೆಮಾನ್‌ಗೆ ಮಾಡುವ ಹಾಗೆಯೇ ಮೊದಲು ಒಂದು ಏಟು ಕೊಟ್ಟು ಎಚ್‌ಪಿ (ಪ್ರಾಣದ ಅಂಕ) ಇಳಿಸಲು ಹೋಗುತ್ತಾರೆ. ಏಟು ಮೊದಲು ಬಿದ್ದರೆ ಅಬ್ರಾ ಅಲ್ಲೇ ಮೂರ್ಛೆ. ತಡವಾದರೆ ಟೆಲಿಪೋರ್ಟ್ ಎಂಬ ವಿದ್ಯೆಯಿಂದ ಜಾಗ ಬದಲಿಸಿ ಮಾಯ. ಯಾವುದಾದರೂ ಸರಿ, ಅದನ್ನು ಹಿಡಿಯಲು ಎಸೆಯಬೇಕಿದ್ದ ಬಾಲ್ ಬ್ಯಾಗಿನಲ್ಲೇ ಉಳಿಯಿತು.

ಅಬ್ರಾ ರೂಪ ಬದಲಿಸಿ ಕಡಾಬ್ರಾ, ಆಮೇಲೆ ಅಲಕಜಾಮ್ ಆಗುತ್ತದೆ. ಸೈಕಿಕ್ (ಮನಶ್ಶಕ್ತಿಯ) ಜಾತಿಯ ಪೊಕೆಮಾನ್‌ಗಳಲ್ಲಿ ಈ ಸಾಲಿಗೆ ಇರುವಷ್ಟು ಹೆಸರು ಇನ್ನೊಂದಕ್ಕಿಲ್ಲ. ಅದನ್ನು ಸಾಕುವಾಗ ಆಗುವಷ್ಟು ಎಡವಟ್ಟೂ ಇನ್ನೊಂದರಲ್ಲಿಲ್ಲ. ಇಲ್ಲಿ ಕೊಟ್ಟಿರುವ ಲೆಕ್ಕವೆಲ್ಲ 2004ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಬಂದ ಪೊಕೆಮಾನ್ ಫೈರ್‌ರೆಡ್, ಲೀಫ್‌ಗ್ರೀನ್ ಆಟಗಳದ್ದು. ಬೇರೆ ಆಟಕ್ಕೆ ಇದೇ ಅಂಕಿ ಹಾಕಬೇಡಿ.

ಹಂತ 1: ಬಟರ್‌ಫ್ರೀ ತಯಾರಿ

ವಿರಿಡಿಯನ್ ಕಾಡಿನಲ್ಲಿ ಒಂದು ಕ್ಯಾಟರ್ಪಿ ಹಿಡಿಯಿರಿ. 7ನೇ ಲೆವೆಲ್‌ಗೆ ಮೆಟಾಪಾಡ್, 10ಕ್ಕೆ ಬಟರ್‌ಫ್ರೀ ಆಗುತ್ತದೆ. 15ಕ್ಕೆ ಎದುರಾಳಿಯನ್ನು ಮಲಗಿಸುವ ಸ್ಲೀಪ್ ಪೌಡರ್ ಕಲಿಯುತ್ತದೆ, ಆದರೆ ಅಲ್ಲಿಗೇ ನಿಲ್ಲಿಸದೆ 18ರವರೆಗೆ ಬೆಳೆಸಿ. ಕಾರಣ ಮುಂದಿದೆ.

ಹಂತ 2: ಹಿಡಿಯುವುದು

ಸೆರುಲಿಯನ್ ಸಿಟಿಯಿಂದ ಉತ್ತರಕ್ಕೆ ಸೇತುವೆ ದಾಟಿದರೆ ರೂಟ್ 24, ಅಲ್ಲಿಂದ ಬಲಕ್ಕೆ ತಿರುಗಿದರೆ ರೂಟ್ 25. ಎರಡೂ ಕಡೆ ಹುಲ್ಲಿನಲ್ಲಿ ಅಬ್ರಾ ಸಿಗುವ ಸಾಧ್ಯತೆ ನೂರಕ್ಕೆ 15. ರೂಟ್ 24ರಲ್ಲಿ ಅದರ ಲೆವೆಲ್ 8, 10 ಅಥವಾ 12; ರೂಟ್ 25ರಲ್ಲಿ 9, 11 ಅಥವಾ 13. ರೂಟ್ 24ರಲ್ಲೇ ಹಿಡಿಯಿರಿ. ಒಂದು ಲೆವೆಲ್ ಕಡಿಮೆ ಎಂದರೆ ವೇಗವೂ ಅಷ್ಟು ಕಡಿಮೆ, ಈ ಕೆಲಸದಲ್ಲಿ ವೇಗವೇ ಎಲ್ಲ.

ಕಾಡು ಅಬ್ರಾಗೆ ಗೊತ್ತಿರುವುದು ಟೆಲಿಪೋರ್ಟ್ ಒಂದೇ. ಅದು ನಿಮ್ಮನ್ನು ಹೊಡೆಯುವುದಿಲ್ಲ, ತನ್ನ ಸರದಿ ಬಂದೊಡನೆ ಹೊರಟುಹೋಗುತ್ತದೆ. ಅದರ ಮೂಲ ವೇಗ (ಲೆವೆಲ್ ಲೆಕ್ಕ ಹಿಡಿಯುವ ಮುಂಚಿನ ಅಂಕ) 90, ಬಟರ್‌ಫ್ರೀಯದು 70. ಲೆವೆಲ್ ಸಮ ಇದ್ದರೆ ಅಬ್ರಾನೇ ಮುಂದು. 18ನೇ ಲೆವೆಲ್‌ನ ಬಟರ್‌ಫ್ರೀಗೆ ವೇಗ 30ರಿಂದ 35ರೊಳಗೆ ಬರುತ್ತದೆ. 12ನೇ ಲೆವೆಲ್‌ನ ಅಬ್ರಾ ಎಷ್ಟು ಚುರುಕಾಗಿ ಹುಟ್ಟಿದ್ದರೂ ಸಾಮಾನ್ಯವಾಗಿ 30ರ ಆಸುಪಾಸು ನಿಲ್ಲುತ್ತದೆ. 15ಕ್ಕೆ ಪೌಡರ್ ಸಿಕ್ಕಿತೆಂದು ಓಡಿಬಂದವರು ಈ ಎರಡು ಮೂರು ಅಂಕದಲ್ಲೇ ಸೋಲುತ್ತಾರೆ.

ಬಟರ್‌ಫ್ರೀಯನ್ನು ತಂಡದಲ್ಲಿ ಮೊದಲನೆಯದಾಗಿ ಇಟ್ಟುಕೊಂಡೇ ಹುಲ್ಲಿಗೆ ಇಳಿಯಿರಿ. ಅಬ್ರಾ ಎದುರಾದ ಮೇಲೆ ಬದಲಿಸುತ್ತೇನೆ ಎಂದರೆ ಬದಲಿಸುವುದರಲ್ಲೇ ಒಂದು ಸರದಿ ಹೋಯಿತು, ಅಬ್ರಾವೂ ಹೋಯಿತು. ಮೊದಲ ಸರದಿಗೆ ಸ್ಲೀಪ್ ಪೌಡರ್. ಈ ಪುಡಿ ಸಾಮಾನ್ಯವಾಗಿ ನೂರಕ್ಕೆ 75 ಸಲ ತಾಗುತ್ತದೆ. ಬಟರ್‌ಫ್ರೀಯ ಕಾಂಪೌಂಡ್ ಐಸ್ ಗುಣದಿಂದ ಅದು 97ಕ್ಕೂ ಮೇಲೇರುತ್ತದೆ. ಲೀಫ್‌ಗ್ರೀನ್‌ನ ಬೆಲ್‌ಸ್ಪ್ರೌಟ್, ಅಥವಾ ಮೊದಲೇ ಆರಿಸಿಕೊಂಡ ಬಲ್ಬಸಾರ್ ಕೂಡ 15ಕ್ಕೇ ಇದೇ ಪುಡಿ ಕಲಿಯುತ್ತವೆ, ಆದರೆ ಅವುಗಳ ಕೈಯಲ್ಲಿ ನಾಲ್ಕರಲ್ಲಿ ಒಂದು ಸಲ ಪುಡಿ ಗಾಳಿಗೆ ಹಾರಿಹೋಗುತ್ತದೆ. ಬಟರ್‌ಫ್ರೀ ಎಂದು ಪಟ್ಟು ಹಿಡಿಯುವುದು ಅದಕ್ಕೇ.

ಅಬ್ರಾ ದಿನಕ್ಕೆ 18 ಗಂಟೆ ಮಲಗುತ್ತದೆ, ಅಪಾಯ ಬಂದರೆ ನಿದ್ದೆಯಲ್ಲೇ ಜಾಗ ಬದಲಿಸುತ್ತದೆ ಎಂದು ಹಳೆಯ ಆಟದ ಪೊಕೆಡೆಕ್ಸ್ (ಆಟದೊಳಗಿನ ಪೊಕೆಮಾನ್ ಕೋಶ) ಹೇಳುತ್ತದೆ. ಅದನ್ನು ಓದಿ ಮಲಗಿಸಿ ಪ್ರಯೋಜನವಿಲ್ಲ ಎಂದುಕೊಳ್ಳಬೇಡಿ. ಕಥೆಯಲ್ಲಿ ಏನೇ ಇರಲಿ, ಕಾಳಗದಲ್ಲಿ ನಿದ್ದೆ ಎಂದರೆ ನಿದ್ದೆ, ಟೆಲಿಪೋರ್ಟ್ ನಡೆಯುವುದಿಲ್ಲ.

ಈಗ ಬಾಲ್ ಲೆಕ್ಕ. ಪೂರ್ತಿ ಎಚ್‌ಪಿ ಇರುವ, ಎಚ್ಚರವಾಗಿರುವ ಅಬ್ರಾ ಮೇಲೆ ಸಾದಾ ಪೊಕೆ ಬಾಲ್ ಎಸೆದರೆ ಸಿಗುವ ಸಾಧ್ಯತೆ ನೂರಕ್ಕೆ ಸುಮಾರು 26. ಗ್ರೇಟ್ ಬಾಲ್ ಆದರೆ 39. ಮಲಗಿಸಿದರೆ ಇವು ದುಪ್ಪಟ್ಟಾಗುತ್ತವೆ: ಪೊಕೆ ಬಾಲ್‌ಗೆ 52, ಗ್ರೇಟ್ ಬಾಲ್‌ಗೆ 78. ಮಲಗಿದ ಅಬ್ರಾ ಮೇಲೆ ಅಲ್ಟ್ರಾ ಬಾಲ್ ಎಸೆದರೆ ತಪ್ಪುವ ಪ್ರಶ್ನೆಯೇ ಇಲ್ಲ, ಆದರೆ ಆಟದ ಈ ಘಟ್ಟದಲ್ಲಿ ಅದು ನಿಮ್ಮ ಬಳಿ ಇರುವುದಿಲ್ಲ. ಸೆರುಲಿಯನ್ ಅಂಗಡಿಯಲ್ಲಿ ಸಿಗುವುದು 200ರ ಪೊಕೆ ಬಾಲ್. ಹತ್ತು ಕೊಂಡರೆ ಧಾರಾಳ.

ಮಲಗಿಸಿದ ಮೇಲೆ ಕನಿಷ್ಠ ಒಂದು ಬಾಲ್ ಎಸೆಯಲು ಸಮಯ ಖಂಡಿತ ಸಿಗುತ್ತದೆ, ಅದೃಷ್ಟವಿದ್ದರೆ ನಾಲ್ಕು. ಆ ಸಮಯದಲ್ಲಿ ಹೊಡೆಯುವ ಆಸೆ ಬೇಡ. 10ನೇ ಲೆವೆಲ್ ಅಬ್ರಾದ ಎಚ್‌ಪಿ 25ರಿಂದ 28, ಅದರ ಮೂಲ ರಕ್ಷಣೆ ಬರೀ 15. ಮೆತ್ತಗೆ ಹೊಡೆದೆ ಅಂದುಕೊಂಡ ಏಟೇ ಪ್ರಾಣಕ್ಕೆ ಬರುತ್ತದೆ. ಸ್ಟನ್ ಸ್ಪೋರ್ ಹಾಕಿ ಮರಗಟ್ಟಿಸುವುದೂ ತಪ್ಪು. ಸಿಂಕ್ರೊನೈಜ್ ಗುಣವಿರುವ ಅಬ್ರಾ ಸಿಕ್ಕಿದರೆ ಅದೇ ಮರಗಟ್ಟುವಿಕೆ ನಿಮ್ಮ ಬಟರ್‌ಫ್ರೀಗೂ ಅಂಟುತ್ತದೆ. ನಿದ್ದೆಗೆ ಆ ಅಂಟುರೋಗ ಇಲ್ಲ.

ಇನ್ನೊಂದು ದಾರಿಯಿದೆ, ಆಟದಲ್ಲಿ ವರ್ಮಿಲಿಯನ್ ದಾಟಿದವರಿಗೆ. ಆ ಊರಿನ ಪೂರ್ವಕ್ಕಿರುವ ಡಿಗ್ಲೆಟ್ ಗುಹೆಯಲ್ಲಿ, ಎದುರಾಳಿಯನ್ನು ಓಡಲು ಬಿಡದ ಅರೀನಾ ಟ್ರ್ಯಾಪ್ ಗುಣದ ಡಿಗ್ಲೆಟ್ ಹಿಡಿಯಿರಿ. ಎಲ್ಲ ಡಿಗ್ಲೆಟ್‌ಗೂ ಈ ಗುಣ ಇರುವುದಿಲ್ಲ. ಗುರುತಿಸುವುದು ಸುಲಭ: ಕಾಡು ಡಿಗ್ಲೆಟ್ ಎದುರಾದಾಗ ಓಡಲು ನೋಡಿ, ಓಡಲು ಬಿಡದಿದ್ದರೆ ಅದೇ ಬೇಕಾದದ್ದು. ಅದನ್ನು ಮುಂದಿಟ್ಟುಕೊಂಡು ರೂಟ್ 24ಕ್ಕೆ ಮರಳಿದರೆ ಅಬ್ರಾದ ಟೆಲಿಪೋರ್ಟ್ ಪ್ರತಿ ಸಲವೂ ವಿಫಲ. ಸಿಗುವವರೆಗೆ ಬಾಲ್ ಎಸೆಯುತ್ತಾ ಕೂರಬಹುದು, ಸರಾಸರಿ ನಾಲ್ಕು ಬಾಲ್ ಖರ್ಚು. ಓಡಾಟ ಜಾಸ್ತಿ, ಕೆಲಸ ಮಾತ್ರ ಪಕ್ಕಾ.

ಅಡ್ಡದಾರಿ ಬೇಕೆನ್ನುವವರಿಗೆ ಸೆಲಡಾನ್ ಗೇಮ್ ಕಾರ್ನರ್ ಇದೆ. ಫೈರ್‌ರೆಡ್‌ನಲ್ಲಿ ಅಬ್ರಾಗೆ 180 ನಾಣ್ಯ, ಲೀಫ್‌ಗ್ರೀನ್‌ನಲ್ಲಿ 120. ಐವತ್ತು ನಾಣ್ಯದ ಕಟ್ಟಿಗೆ ಆಟದ ಹಣ 1000. ಅಂದರೆ ಫೈರ್‌ರೆಡ್‌ನಲ್ಲಿ 4000, ಲೀಫ್‌ಗ್ರೀನ್‌ನಲ್ಲಿ 3000 ಕೊಟ್ಟು ನೇರ ಕೊಳ್ಳಬಹುದು. ಸ್ಲಾಟ್ ಯಂತ್ರದ ಮುಂದೆ ಕೂತು ನಾಣ್ಯ ಗೆಲ್ಲುವ ಉಸಾಬರಿಗೆ ಮಾತ್ರ ಹೋಗಬೇಡಿ. ಅಷ್ಟು ಹೊತ್ತಿನಲ್ಲಿ ಹಣ ಸಂಪಾದಿಸಿ ಮೂರು ಅಬ್ರಾ ಕೊಳ್ಳಬಹುದು.

ಹಂತ 3: 15ರ ಬಾಗಿಲು

ಹಿಡಿಯುವುದು ಕಷ್ಟ ಎಂದು ಎಲ್ಲರಿಗೂ ಗೊತ್ತು. ನಿಜವಾದ ಗುಂಡಿ ಇಲ್ಲಿದೆ, ಅದು ಬಿದ್ದ ಮೇಲೇ ಕಾಣುವುದು.

ಅಬ್ರಾ ಎಷ್ಟು ಬೆಳೆದರೂ ತಾನಾಗಿ ಒಂದೇ ಒಂದು ಏಟನ್ನೂ ಕಲಿಯುವುದಿಲ್ಲ. 16ನೇ ಲೆವೆಲ್‌ಗೆ ಕಡಾಬ್ರಾ ಆದಾಗ, ಆ ಕ್ಷಣದಲ್ಲಿ ಕನ್‌ಫ್ಯೂಷನ್ ಎಂಬ ಏಟು ಕಲಿಯುತ್ತದೆ. ಅಲ್ಲಿಯವರೆಗೆ ಅದನ್ನು ಸಾಕಲು ಸೆರುಲಿಯನ್ ದಕ್ಷಿಣದ ರೂಟ್ 5ರಲ್ಲಿರುವ ಡೇ ಕೇರ್ ಮನೆ ಅತ್ಯುತ್ತಮ. ಒಂದೇ ಪೊಕೆಮಾನ್ ಇಟ್ಟುಕೊಳ್ಳುತ್ತಾರೆ, ನೀವು ಇಡುವ ಪ್ರತಿ ಹೆಜ್ಜೆಗೆ ಅದಕ್ಕೆ ಒಂದು ಅನುಭವಾಂಕ. ಶುಲ್ಕ 100, ಜೊತೆಗೆ ಏರಿದ ಪ್ರತಿ ಲೆವೆಲ್‌ಗೆ ಇನ್ನೊಂದು 100.

ಆದರೆ ಡೇ ಕೇರ್‌ನಲ್ಲಿ ಪೊಕೆಮಾನ್ ರೂಪ ಬದಲಿಸುವುದಿಲ್ಲ. 16 ದಾಟಿದ ಅಬ್ರಾವನ್ನು ಬಿಡಿಸಿಕೊಂಡರೆ ಅದು ಅಬ್ರಾ ಆಗಿಯೇ ಬರುತ್ತದೆ, 17ಕ್ಕೆ ಏರಿದಾಗ ಕಡಾಬ್ರಾ ಆಗುತ್ತದೆ. ರೂಪ ಬದಲಾದಾಗ ಆಟ ನೋಡುವುದು ಆ ಲೆವೆಲ್‌ಗೆ ಬರೆದ ಪಾಠವನ್ನು ಮಾತ್ರ. ಕನ್‌ಫ್ಯೂಷನ್ ಬರೆದಿರುವುದು 16ಕ್ಕೆ. 17ಕ್ಕೆ ಏನೂ ಇಲ್ಲ. ಕೈಗೆ ಬರುವುದು ಚಮಚ ಹಿಡಿದು ನಿಂತ, ಟೆಲಿಪೋರ್ಟ್ ಬಿಟ್ಟು ಏನೂ ಬಾರದ ಕಡಾಬ್ರಾ. 18ಕ್ಕೆ ಡಿಸೇಬಲ್, ಅದೂ ಏಟಲ್ಲ. ಮೊದಲ ಏಟು 21ಕ್ಕೆ ಬರುವ ಸೈಬೀಮ್. ಮರೆತ ಪಾಠ ಹೇಳಿಕೊಡುವವನು ಟೂ ಐಲೆಂಡ್‌ನಲ್ಲಿದ್ದಾನೆ, ಏಳನೇ ಜಿಮ್‌ನ ಬ್ಯಾಡ್ಜ್ ಗೆಲ್ಲುವವರೆಗೆ ಅಲ್ಲಿಗೆ ದೋಣಿಯಿಲ್ಲ.

ಆದ್ದರಿಂದ ಹೆಜ್ಜೆ ಎಣಿಸಿ. 12ನೇ ಲೆವೆಲ್‌ನಲ್ಲಿ ಹಿಡಿದು ನೇರ ಇಲ್ಲಿಗೇ ತಂದಿದ್ದರೆ 1062 ಹೆಜ್ಜೆಗೆ 15 ಮುಟ್ಟುತ್ತದೆ. 10ನೇ ಲೆವೆಲ್ ಆದರೆ 1475, 8 ಆದರೆ 1721. ಅಲ್ಲಿಂದ ಮುಂದೆ ಸರಿಯಾಗಿ 500 ಹೆಜ್ಜೆಗೆ 16. ಆ ಐನೂರು ಹೆಜ್ಜೆಯೇ ನಿಮಗಿರುವ ಬಾಗಿಲು. ಎಣಿಕೆ ತಪ್ಪಿತೋ, ಡೇ ಕೇರ್‌ನವನನ್ನು ಮಾತಾಡಿಸಿ. ಎಷ್ಟು ಲೆವೆಲ್ ಏರಿದೆ ಎಂದು ಹಣ ಕೇಳುವ ಮೊದಲೇ ಹೇಳುತ್ತಾನೆ. ಇನ್ನೂ ಕಡಿಮೆ ಇದ್ದರೆ ಬೇಡ ಎಂದು ಹೊರಬನ್ನಿ.

15ರಲ್ಲಿ ಬಿಡಿಸಿಕೊಂಡ ಅಬ್ರಾವನ್ನು ತಂಡದ ಮೊದಲಿಗೆ ಇಟ್ಟು, ಕಾಳಗ ಶುರುವಾದೊಡನೆ ಬೇರೆಯದಕ್ಕೆ ಬದಲಿಸಿ ಗೆಲ್ಲಿ. ಅರ್ಧ ಅನುಭವಾಂಕ ಅದಕ್ಕೆ ಬರುತ್ತದೆ. ಕೆಲವೇ ಕಾಳಗದಲ್ಲಿ 16. ರೂಪ ಬದಲಾಗುವಾಗ ಬಿ ಬಟನ್ ಮುಟ್ಟಬೇಡಿ, ಮುಟ್ಟಿದರೆ ಬದಲಾವಣೆ ನಿಂತುಹೋಗುತ್ತದೆ.

ಹಂತ 4: ಕಡಾಬ್ರಾ ಸಾಕಣೆ

ಇಲ್ಲಿಂದ ಸಲೀಸು. 21ಕ್ಕೆ ಸೈಬೀಮ್, 25ಕ್ಕೆ ಎಚ್‌ಪಿ ತುಂಬಿಕೊಳ್ಳುವ ರಿಕವರ್, 36ಕ್ಕೆ ಸೈಕಿಕ್ ಎಂಬ ಏಟು. ವಿಶೇಷ ದಾಳಿ ಹೆಚ್ಚಿಸಲು ಲ್ಯಾವೆಂಡರ್ ಊರಿನ ಪೊಕೆಮಾನ್ ಟವರ್‌ನ ಗ್ಯಾಸ್ಟ್ಲಿಗಳನ್ನು ಸೋಲಿಸಿ, ಪ್ರತಿಯೊಂದಕ್ಕೂ ಒಂದು ಶ್ರಮಾಂಕ (ಸೋಲಿಸಿದ ಪೊಕೆಮಾನ್‌ಗೆ ತಕ್ಕಂತೆ ಬಲ ಹೆಚ್ಚಿಸುವ ಅಂಕ) ಸೇರುತ್ತದೆ. ವೇಗಕ್ಕೆ ಡಿಗ್ಲೆಟ್. ಗ್ಯಾಸ್ಟ್ಲಿ ದೆವ್ವದ ಜಾತಿಯ ಜೊತೆಗೆ ವಿಷದ ಜಾತಿಯದ್ದೂ ಆದ್ದರಿಂದ ಕನ್‌ಫ್ಯೂಷನ್ ಎರಡು ಪಟ್ಟು ತಾಗುತ್ತದೆ. ಆದರೆ ಅದರ ಲಿಕ್ ಎಂಬ ದೆವ್ವದ ಏಟು ಕೂಡ ಕಡಾಬ್ರಾಗೆ ಎರಡು ಪಟ್ಟು ತಾಗುತ್ತದೆ, ಎಚ್ಚರ. ಸೈಕಿಕ್‌ಗೆ ದೆವ್ವದ ಏಟು ತಾಗದು ಎಂದು ಇಂದಿಗೂ ಹೇಳುವವರಿದ್ದಾರೆ. ಅದು 1996ರ ಮೊದಲ ಆಟಗಳ ಕಥೆ. ಜೋರಾಗಿ ತಾಗುತ್ತದೆ ಎಂದು ಆಟದೊಳಗೇ ಹೇಳಿಸಿದ್ದರೂ ಪ್ರೋಗ್ರಾಮಿನ ತಪ್ಪಿನಿಂದ ಅಲ್ಲಿ ಒಂದಿಷ್ಟೂ ತಾಗುತ್ತಿರಲಿಲ್ಲ. 1999ರ ಗೋಲ್ಡ್, ಸಿಲ್ವರ್ ಆಟಗಳಲ್ಲಿ ಅದನ್ನು ಸರಿಪಡಿಸಿದರು, ಸೈಕಿಕ್ ಏಟೇ ತಾಗದ ಡಾರ್ಕ್ ಜಾತಿಯನ್ನೂ ತಂದರು.

ಹಂತ 5: ಟ್ರೇಡ್

ಕಡಾಬ್ರಾ ಅಲಕಜಾಮ್ ಆಗುವುದು ಇನ್ನೊಬ್ಬರಿಗೆ ಟ್ರೇಡ್ ಮಾಡಿದಾಗ ಮಾತ್ರ. 99ಕ್ಕೆ ಏರಿಸಿ ಕಾದರೂ ಆಗದು. ಲಿಂಕ್ ಕೇಬಲ್ ಅಥವಾ ವೈರ್‌ಲೆಸ್ ಅಡಾಪ್ಟರ್ ಬೇಕು, ಇಬ್ಬರ ತಂಡದಲ್ಲೂ ಕನಿಷ್ಠ ಎರಡು ಪೊಕೆಮಾನ್ ಇರಬೇಕು. ಕಡಾಬ್ರಾ ಕೈಯಲ್ಲಿ ರೂಪ ಬದಲಾಗದಂತೆ ತಡೆಯುವ ಎವರ್‌ಸ್ಟೋನ್ ಇದ್ದರೆ ತೆಗೆಯಿರಿ. ಸ್ನೇಹಿತರ ಬಳಿ ಇರುವುದು ರೂಬಿ, ಸಫೈರ್ ಅಥವಾ ಎಮರಾಲ್ಡ್ ಆಟವಾದರೆ ಈಗಲೇ ಆಗುವುದಿಲ್ಲ. ಸೆವಿ ದ್ವೀಪಗಳಲ್ಲಿರುವ ಸೆಲಿಯೊ ಎಂಬವನ ಯಂತ್ರಕ್ಕೆ ಎರಡು ರತ್ನ ತಂದುಕೊಡುವವರೆಗೆ ಟ್ರೇಡ್ ಫೈರ್‌ರೆಡ್, ಲೀಫ್‌ಗ್ರೀನ್ ನಡುವೆ ಮಾತ್ರ. ಅಲಕಜಾಮ್ ಆದ ಮೇಲೆ ವಾಪಸ್ ಪಡೆಯುವ ಮಾತು ಮೊದಲೇ ಆಗಿರಲಿ. ನಿಮ್ಮದೇ ಪೊಕೆಮಾನ್ ಮರಳಿ ಬಂದರೆ ಮೊದಲಿನಂತೆಯೇ ಮಾತು ಕೇಳುತ್ತದೆ.

ಅಗ್ಗಕ್ಕೆ ಸಿಗುವ ನಕಲಿ ಕಾರ್ಟ್ರಿಜ್‌ನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಸೇವ್ ಕೈಕೊಡುವುದು ಟ್ರೇಡ್ ಹೊತ್ತಿಗೇ. ಕಾರ್ಟ್ರಿಜ್‌ನ ಕೆಳಗಿನ ಸೀಳಿನಲ್ಲಿ ಇಣುಕಿ. ಅಸಲಿಯಾದರೆ ಲೋಹದ ಪಟ್ಟಿಗಳ ಮೇಲ್ಗಡೆ ಬೋರ್ಡಿನಲ್ಲಿ ನಿಂಟೆಂಡೊ ಎಂದು ಅಚ್ಚಾಗಿರುತ್ತದೆ.

ಕಡಾಬ್ರಾ ಕೈಯಲ್ಲಿ ಒಂದು ಚಮಚ, ಅಲಕಜಾಮ್‌ಗೆ ಎರಡು. ಈ ಚಮಚದ ಹಿಂದೆ ಕೋರ್ಟು ಕಚೇರಿಯ ಕಥೆಯೇ ಇದೆ. ಜಪಾನಿ ಭಾಷೆಯಲ್ಲಿ ಕಡಾಬ್ರಾ ಹೆಸರು ಯುಂಗೆರಾ. ಚಮಚ ಬಾಗಿಸಿ ಹೆಸರಾದ ಯೂರಿ ಗೆಲ್ಲರ್ 2000ದಲ್ಲಿ ಇದು ತನ್ನ ಹೆಸರೇ ಎಂದು ನಿಂಟೆಂಡೊ ಮೇಲೆ ಮೊಕದ್ದಮೆ ಹೂಡಿದರು. 2003ರ ನಂತರ ಎರಡು ದಶಕ ಪೊಕೆಮಾನ್ ಕಾರ್ಡ್ ಆಟದಲ್ಲಿ ಕಡಾಬ್ರಾ ಚಿತ್ರದ ಹೊಸ ಕಾರ್ಡ್ ಬರಲಿಲ್ಲ. 2020ರಲ್ಲಿ ಗೆಲ್ಲರ್ ಕ್ಷಮೆ ಕೇಳಿ ಒಪ್ಪಿಗೆ ಕೊಟ್ಟರು, 2023ರಲ್ಲಿ ಕಾರ್ಡ್ ಮರಳಿತು.

ಹಂತ 6: ನಾಲ್ಕು ವಿದ್ಯೆ

ಹುಟ್ಟಿದಂದಿನಿಂದ ನಡೆದುದೆಲ್ಲ ನೆನಪಿಟ್ಟುಕೊಳ್ಳುತ್ತದೆ, ಬುದ್ಧಿಯ ಅಂಕ 5000 ಎಂದೆಲ್ಲ ಪೊಕೆಡೆಕ್ಸ್ ಹೊಗಳುವ ಅಲಕಜಾಮ್‌ಗೂ ಆಟದಲ್ಲಿ ನೆನಪಿರುವುದು ನಾಲ್ಕೇ ವಿದ್ಯೆ. ಸೈಕಿಕ್, ರಿಕವರ್ ತಾನೇ ಕಲಿಯುತ್ತದೆ. ಸ್ಯಾಫ್ರನ್ ಸಿಟಿಯ ಮಿಸ್ಟರ್ ಸೈಕಿಕ್ ಎಂಬವನು ಕೊಡುವ, ಅದೇ ಸೈಕಿಕ್ ಕಲಿಸುವ ಟಿಎಂ 29 (ಟಿಎಂ ಎಂದರೆ ವಿದ್ಯೆ ಕಲಿಸುವ ಸಾಧನ) ಇದಕ್ಕೆ ಸುರಿಯಬೇಡಿ, ಬೇರೆಯದಕ್ಕೆ ಉಳಿಸಿ. ಅದೇ ಊರಿನ ಜಿಮ್‌ನಲ್ಲಿ ಸಬ್ರಿನಾಳನ್ನು ಗೆದ್ದರೆ ಸಿಗುವ ಟಿಎಂ 04 ಕಾಮ್ ಮೈಂಡ್ ಮಾತ್ರ ಇದಕ್ಕೇ ಮೀಸಲು. ನಾಲ್ಕನೆಯದಾಗಿ ವರ್ಮಿಲಿಯನ್ ಜಿಮ್‌ನ ಲೆಫ್ಟಿನೆಂಟ್ ಸರ್ಜ್ ಕೊಡುವ ಟಿಎಂ 34 ಶಾಕ್ ವೇವ್.

ಮೂಲ ರಕ್ಷಣೆ 45 ಇರುವ ಪ್ರಾಣಿ ಇದು, ಕೈಯೇಟು ತಿನ್ನಿಸಬೇಡಿ. ಬೆಂಕಿ, ಮಂಜು, ಮಿಂಚಿನ ಪಂಚ್ ಕಲಿಸಿ ಎಂಬ ಹಳೆಯ ಸಲಹೆ ಎಮರಾಲ್ಡ್ ಕಾಲದವರೆಗೆ ಸರಿಯಿತ್ತು, ಆಗ ಅವು ವಿಶೇಷ ದಾಳಿಯ ಲೆಕ್ಕಕ್ಕೆ ಬರುತ್ತಿದ್ದವು. 2006ರ ಡೈಮಂಡ್, ಪರ್ಲ್ ಆಟಗಳಿಂದ ಪಂಚ್ ಎಂದರೆ ಕೈಯ ಬಲ. ಅಲಕಜಾಮ್‌ನ ವಿಶೇಷ ದಾಳಿ 135 ಇದ್ದರೆ ಕೈಯ ಬಲ 50. ಹೊಸ ಆಟದಲ್ಲಿ ಆ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ.