ಗ್ಯಾಂಗಿಂದ ಜೈಲಿಗೆ ಬಂದ ಹುಡುಗರ ಜೊತೆ ಕೆಲಸ ಮಾಡಿದ ನನ್ನ ಅನುಭವ

ಮಂಗ್ಳೂರಲ್ಲಿ ಎಂಎಸ್‌ಡಬ್ಲ್ಯೂ, ಅಂದ್ರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮುಗಿಸಿದ ಮೇಲೆ ನಾನು ಮಾಡ್ತಾ ಇರುದು ವಿಚಾರಣಾಧೀನ ಕೈದಿಗಳ ಹತ್ರ ಕೂತು ಮಾತಾಡುವ ಕೆಲಸ. ಎಲ್ರೂ ಕೇಳುದು ಒಂದೇ, ಹೊರಗೆ ಗ್ಯಾಂಗಲ್ಲಿ ಇದ್ದವ ಒಳಗೂ ಗಲಾಟೆ ಮಾಡಿಯೇ ಮಾಡ್ತಾನಾ ಅಂತ. ನಾನಂತೂ ಮೊದಲು ನೋಡುದು ಅವನಿಗೆ ಸೋಪು ಕೊಟ್ಟದ್ದು ಯಾರು, ವಕೀಲರನ್ನು ಇಟ್ಟದ್ದು ಯಾರು ಅಂತ.

ಜನರ ಹೆದರಿಕೆ ಸುಳ್ಳಲ್ಲ. 2015ರ ನವೆಂಬರಲ್ಲಿ ಮಂಗ್ಳೂರಿನ ಕೊಡಿಯಾಲ್‌ಬೈಲ್ ಜೈಲೊಳಗೇ ಇಬ್ಬರು ಕೈದಿಗಳ ಕೊಲೆ ಆಯ್ತಲ್ಲ. ಅಮೆರಿಕದಲ್ಲಿ ಇದರ ಬಗ್ಗೆ ಹಳೇ ಚರ್ಚೆಯೇ ಉಂಟು. ಜೈಲಿನ ಕೊರತೆಗಳೇ ಕೈದಿಯ ನಡವಳಿಕೆಯನ್ನು ರೂಪಿಸ್ತವೆ ಅಂತ ಸಮಾಜಶಾಸ್ತ್ರಜ್ಞ ಗ್ರೆಶಮ್ ಸೈಕ್ಸ್ 1958ರಲ್ಲಿ ಬರೆದ್ರು, ಬೀದಿಯಿಂದ ಹೊತ್ತು ತಂದ ನಡವಳಿಕೆಯೂ ಒಳಗೆ ನಡೀತದೆ ಅಂತ ಇರ್ವಿನ್, ಕ್ರೆಸ್ಸಿ ಎಂಬ ಇನ್ನಿಬ್ಬರು ಸಮಾಜಶಾಸ್ತ್ರಜ್ಞರು 1962ರಲ್ಲಿ. ಅಲ್ಲಿನ ಫೆಡರಲ್, ಅಂದ್ರೆ ಕೇಂದ್ರ ಸರ್ಕಾರದ ಜೈಲುಗಳ ಬಗ್ಗೆ 2002ರಲ್ಲಿ ಬಂದ ಅಧ್ಯಯನ ನಂಗೆ ಹೆಚ್ಚು ಉಪಯೋಗ ಆಯ್ತು. ಗ್ಯಾಂಗಿನವರ ಹಿಂಸೆ ಉಳಿದವರಿಗಿಂತ ಜಾಸ್ತಿ ಹೌದು, ಆದ್ರೆ ಗ್ಯಾಂಗಿನ ಒಳವಲಯದ ಮುಖ್ಯ ಜನರಷ್ಟು ಅಂಚಲ್ಲಿ ಇರುವವರದ್ದಿಲ್ಲ, ಜೈಲಲ್ಲಿ ಸಮಯ ಕಳೆದ ಹಾಗೆ ಗ್ಯಾಂಗಿನ ಪ್ರಭಾವವೂ ಇಳೀತದೆ.

ನನ್ನ ಹತ್ರ ಬರುವವರಲ್ಲಿ ಜಾಸ್ತಿ ಈ ಅಂಚಿನವರೇ. ಒಬ್ಬ ಹುಡುಗ, ಹಲ್ಲೆ ಕೇಸಲ್ಲಿ ಬೈಕ್ ಓಡಿಸಿದ್ದು ಮಾತ್ರ, ಬ್ಯಾರಕ್ಕಿಗೆ ಬಂದ ಕೂಡ್ಲೆ ನೀನು ಯಾರ ಜನ ಅಂತ ಕೇಳಿದ್ರಂತೆ, ಇವ ಹೆದರಿ ಗ್ಯಾಂಗಿನ ಲೀಡರ್ ಅಣ್ಣನ ಹೆಸರು ಹೇಳಿದ, ಚಾದರ ಬಂತು, ಬಕೆಟ್ ಬಂತು, ಬಿಸ್ಕೆಟ್ ಬಂತು. ಕೆಲವೇ ದಿನದಲ್ಲಿ, ನಳ್ಳಿ ಹತ್ರ ಇಂಥವ ಬರುವಾಗ ನೀನು ಎದುರು ನಿಲ್ಬೇಕು ಅಂತ ಹೇಳಿಕೆಯೂ ಬಂತು. ನನ್ನ ಎದುರು ಕೂತು ಉಗುರು ಕಚ್ತಾ ಕೇಳಿದ, "ಸರ್, ಅವರ ಬಿಸ್ಕೆಟ್ ತಿಂದಿದ್ದೇನೆ, ಈಗ ಆಗುದಿಲ್ಲ ಅಂತ ಹೇಗೆ ಹೇಳುದು?"

ಅಧಿಕಾರಿಗಳ ಹತ್ರ ಮಾತಾಡಿ ಮೊದಲು ಬ್ಯಾರಕ್ ಬದಲಿಸಿದೆವು. ಅವನ ಅಮ್ಮ ಬೀಡಿ ಕಟ್ಟುವವರು, ನಾಚಿಕೆಯಲ್ಲಿ ಭೇಟಿಗೇ ಬಂದಿರ್ಲಿಲ್ಲ, ಫೋನ್ ಮಾಡಿ ಬಟ್ಟೆ, ಖರ್ಚಿಗೆ ಸ್ವಲ್ಪ ದುಡ್ಡು ತನ್ನಿ ಅಮ್ಮ ಅಂದೆ, ಬಂದ್ರು. ಕಸ್ಟಡಿಯಲ್ಲಿರುವ ಯಾರಿಗೇ ಆದ್ರೂ 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಉಚಿತ ವಕೀಲರು ಸಿಗ್ತಾರೆ, ಅರ್ಜಿ ಹಾಕಿಸಿದೆ. ಅಣ್ಣ ವಕೀಲರ ಫೀಸ್ ಕೊಟ್ರೆ ಆ ಋಣ ಬಿಸ್ಕೆಟಿನ ಹಾಗೆ ಅಲ್ಲ, ತೀರುದೇ ಇಲ್ಲ.

ಮತ್ತೆ ಈಗಿನ ಕ್ರಿಮಿನಲ್ ಪ್ರಕ್ರಿಯೆಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ವಿವರಿಸಿದೆ. ಮರಣದಂಡನೆ, ಜೀವಾವಧಿ ಆಗಬಹುದಾದ ಕೇಸ್ ಬಿಟ್ರೆ, ಹಿಂದೆ ಯಾವ ಕೇಸಲ್ಲೂ ಶಿಕ್ಷೆ ಆಗದವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದ್ರೆ ಕೋರ್ಟ್ ಅವನನ್ನು ಬಾಂಡ್ ಮೇಲೆ ಬಿಡ್ತದೆ, ಆದ್ರೆ ಇನ್ನೊಂದು ಕೇಸ್ ಬಾಕಿ ಇದ್ರೆ ಅದು ಸಿಗುದಿಲ್ಲ. ನಳ್ಳಿ ಹತ್ರ ಕೈ ಎತ್ತಿ ಎಫ್‌ಐಆರ್ ಆದ್ರೆ ಆ ದಾರಿ ಮುಚ್ಚಿತು ಮಾರಾಯ ಅಂದೆ. ಇದು ಅವನಿಗೆ ತಾಗಿತು. ಒಳ್ಳೆಯವನಾಗು ಅಂತ ಬುದ್ಧಿ ಹೇಳಿದ್ರೆ ಯಾರೂ ಕೇಳುದಿಲ್ಲ, ಮನೆಗೆ ಹೋಗುವ ಲೆಕ್ಕ ಹೇಳಿದ್ರೆ ಕೇಳ್ತಾರೆ.

ಒಳವಲಯದವರ ಹತ್ರ ಇದೆಲ್ಲ ನಡೆಯುದಿಲ್ಲ, ಅಲ್ಲಿ ಎದುರಾಳಿಗಳನ್ನು ಬೇರೆ ಬೇರೆ ಇಡುದೇ ಕೆಲಸ.

ಜಾಮೀನು ಸಿಕ್ಕಿದ ಮೇಲೂ ಒಂದು ಅಪಾಯ ಉಂಟು, ಶ್ಯೂರಿಟಿ ನಿಲ್ಲುವುದಕ್ಕೆ ಮನೆಯವರಿಗೆ ಜನ ಸಿಗದಿದ್ರೆ ಜಾಗದ ದಾಖಲೆ ಆರ್‌ಟಿಸಿ ಹಿಡ್ಕೊಂಡು ಬರುದು ಅಣ್ಣನ ಕಡೆಯವರೇ. ಅದಕ್ಕೆ ಈಗ ಅರ್ಜಿ ಹಾಕುವಾಗ್ಲೇ ಮನೆಯವರ ಜೊತೆ ಕೂತು ಜಾಗ ಇರುವ ಸಂಬಂಧಿಕರನ್ನು ಹುಡುಕ್ತೇನೆ. ಈ ಹುಡುಗನಿಗೆ ಬಂಟ್ವಾಳದ ಮಾವ ಸಿಕ್ಕಿದ್ರು.